ಬೋರ್ಡು ಕನ್ನಡವಾಯಿತು, ಕಂಪ್ಯೂಟರ್ ಯಾವಾಗ?

ಕನ್ನಡಿಗರೇ,

2023ರ ಡಿಸೆಂಬರ್ ಕೊನೆಯ ವಾರ ಬೆಂಗಳೂರಿನಲ್ಲಿ ನಡೆದದ್ದು ನಿಮಗೆಲ್ಲ ನೆನಪಿದೆ. ಇಂಗ್ಲಿಷ್ ನಾಮಫಲಕಗಳ ವಿರುದ್ಧ ಕನ್ನಡದ ಕಾರ್ಯಕರ್ತರು ಬೀದಿಗಿಳಿದರು. ಕೇಸು ಬಿದ್ದವು, ಜೈಲೂ ಆಯಿತು. ಕೊನೆಗೆ 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂದು, ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಲೇಬೇಕು ಎಂಬುದು ಕಾನೂನಾಯಿತು. ಹೋರಾಡಿದ ಎಲ್ಲರಿಗೂ ಈ ಪತ್ರಿಕೆಯ ನಮಸ್ಕಾರ.

ಈಗ ಆ ಬೋರ್ಡಿನ ಕೆಳಗೆ ನುಗ್ಗಿ ಅಂಗಡಿಯೊಳಕ್ಕೆ ಹೋಗಿ. ಗಲ್ಲದ ಮೇಲೆ ಕೂತಿರುವ ಕಂಪ್ಯೂಟರಿನ ಪರದೆಯಲ್ಲಿ ಕನ್ನಡ ಶೇಕಡ ಎಷ್ಟು? ಗ್ರಾಮ ಪಂಚಾಯಿತಿಗೆ ಹೋಗಿ ನೋಡಿ. ಶಾಲೆಯ ಕಂಪ್ಯೂಟರ್ ಕೋಣೆಗೆ ಹೋಗಿ ನೋಡಿ. ಅಷ್ಟೇಕೆ, ನಮ್ಮ ಸಂಘಟನೆಗಳ ಕಚೇರಿಗೇ ಹೋಗಿ ನೋಡಿ. ಕರಪತ್ರ ಕನ್ನಡದ್ದು, ಘೋಷಣೆ ಕನ್ನಡದ್ದು, ಗೋಡೆಯ ಮೇಲಿನ ಭುವನೇಶ್ವರಿ ಕನ್ನಡದವಳು. ಕರಪತ್ರ ಟೈಪು ಮಾಡುವ ಹುಡುಗನ ಕಣ್ಣೆದುರು ಇರುವುದು ಮಾತ್ರ ‘ಫೈಲ್’, ‘ಎಡಿಟ್’, ‘ಸೇವ್’, ‘ಪ್ರಿಂಟ್’. ಅಲ್ಲಿ ಶೇ. 60 ಬೇಡ, ಶೇ. 6 ಕನ್ನಡವೂ ಇಲ್ಲ.

ಇದಕ್ಕೆ ಯಾರನ್ನು ಬೈಯೋಣ? ಬೈಸಿಕೊಳ್ಳಲು ಕಂಪನಿಗಳು ಬೇಕಾದಷ್ಟಿವೆ, ಸರ್ಕಾರವೂ ಇದೆ. ಆದರೆ ಕನ್ನಡಕ್ಕೆ ಯಾರೂ ಬಾಗಿಲು ಹಾಕದ ಜಾಗವೊಂದಿದೆ. ಅಲ್ಲಿ ಮನವಿ ಪತ್ರ ಬೇಡ, ಧರಣಿ ಬೇಡ, ಮಂತ್ರಿಯ ಮನೆ ಕಾಯುವುದು ಬೇಡ. ಹೋಗಿ ಕೆಲಸ ಮಾಡಿದರೆ ಕನ್ನಡ ಬರುತ್ತದೆ, ಮಾಡದಿದ್ದರೆ ಬರುವುದಿಲ್ಲ. ಅದು ಮುಕ್ತ ತಂತ್ರಾಂಶದ ಲೋಕ. ಅಲ್ಲಿಗೆ ಕನ್ನಡ ಚಳವಳಿ ಇನ್ನೂ ಕಾಲಿಟ್ಟಿಲ್ಲ. ಈ ಸಂಪಾದಕೀಯ ಅದರ ಬಗ್ಗೆ.

ಮುಕ್ತ ಎಂದರೆ ಬಿಟ್ಟಿ ಅಲ್ಲ

ಬಹಳ ಜನ ಮುಕ್ತ ತಂತ್ರಾಂಶ ಎಂದರೆ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಎಂದುಕೊಂಡಿದ್ದಾರೆ. ಪುಕ್ಕಟೆ ಸಿಗುವುದು ನಿಜ, ಆದರೆ ಮುಖ್ಯ ಮಾತು ಅದಲ್ಲ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ‘ಗ್ನೂ’ ಎಂಬ ಯೋಜನೆಯನ್ನು ಸಾರಿದಾಗ ಹಿಡಿದದ್ದು ಹಕ್ಕಿನ ದಾರಿ. ಆ ಹಕ್ಕುಗಳು ನಾಲ್ಕು: ತಂತ್ರಾಂಶವನ್ನು ಯಾವ ಕೆಲಸಕ್ಕಾದರೂ ಬಳಸುವ ಹಕ್ಕು, ಅದು ಒಳಗೆ ಹೇಗೆ ಕೆಲಸ ಮಾಡುತ್ತದೆಂದು ಬಿಚ್ಚಿ ನೋಡಿ, ನಮಗೆ ಬೇಕಾದಂತೆ ತಿದ್ದಿಕೊಳ್ಳುವ ಹಕ್ಕು, ಇನ್ನೊಬ್ಬರಿಗೆ ಪ್ರತಿ ಮಾಡಿ ಕೊಡುವ ಹಕ್ಕು, ತಿದ್ದಿದ್ದನ್ನು ಎಲ್ಲರಿಗೂ ಹಂಚುವ ಹಕ್ಕು.

1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಇದರ ಜೊತೆ ಸೇರಿತು. ಕಪ್ಪು ಪರದೆಯಲ್ಲಿ ಆಜ್ಞೆ ಟೈಪು ಮಾಡುವ ಕಷ್ಟ ತಪ್ಪಿಸಿ, ಸಾಮಾನ್ಯ ಜನ ಮೌಸ್ ಹಿಡಿದು ಬಳಸುವಂಥ ಮೇಜುಗಣಕದ ಪರದೆ ಕೊಡಬೇಕೆಂದು 1996ರಲ್ಲಿ ‘ಕೆಡಿಇ’, 1997ರಲ್ಲಿ ‘ಗ್ನೋಮ್’ ಶುರುವಾದವು. ಇವನ್ನು ಕಟ್ಟಿದವರಲ್ಲಿ ಕಂಪನಿಯ ಸಂಬಳದವರೂ ಇದ್ದಾರೆ, ರಾತ್ರಿ ಊಟವಾದ ಮೇಲೆ ಕೂತು ಕೆಲಸ ಮಾಡುವ ಮೇಷ್ಟ್ರುಗಳು, ವಿದ್ಯಾರ್ಥಿಗಳೂ ಇದ್ದಾರೆ. ಬೇರೆ ಬೇರೆ ದೇಶದವರು. ಒಬ್ಬರ ಮುಖ ಒಬ್ಬರು ನೋಡದವರೂ ಉಂಟು.

ಆ ನಾಲ್ಕು ಹಕ್ಕುಗಳಲ್ಲಿ ಎರಡನೆಯದನ್ನು ಮತ್ತೊಮ್ಮೆ ಓದಿ: ನಮಗೆ ಬೇಕಾದಂತೆ ತಿದ್ದಿಕೊಳ್ಳುವ ಹಕ್ಕು. ‘ನಿಮ್ಮ ಭಾಷೆಗೆ ಮಾರುಕಟ್ಟೆ ಇಲ್ಲ’ ಎಂದು ಹೇಳುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ. ನಾವು ಮಾಡಿಕೊಂಡಷ್ಟೂ ನಮ್ಮದು. ಭಾಷೆಯ ಹಕ್ಕಿಗಾಗಿ ಹೋರಾಡುವವರಿಗೆ ಇದಕ್ಕಿಂತ ಹತ್ತಿರದ ನೆಂಟರು ಯಾರಿದ್ದಾರೆ?

ಅಚ್ಚಿನ ಮನೆಯಲ್ಲಿ ಕಲಿತ ಪಾಠ

ಮುದ್ರಣಾಲಯ ನಡೆಸುವವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಒಂದು ಕೇಸು ಅಚ್ಚುಮೊಳೆ ಕೊಂಡರೆ ಅದು ಕೊಂಡವನದ್ದು. ಯಾವ ಟ್ರೆಡಲ್ ಮೇಲಾದರೂ ಹಾಕಬಹುದು, ಪಕ್ಕದ ಪ್ರೆಸ್ಸಿನವನಿಗೆ ಎರವಲು ಕೊಡಬಹುದು, ಸವೆದರೆ ಕರಗಿಸಿ ಮತ್ತೆ ಎರಕ ಹೊಯ್ಯಿಸಬಹುದು. ಮೊಳೆ ಮಾರಿದ ಫೌಂಡ್ರಿ ಮುಚ್ಚಿಹೋದರೂ ನಮ್ಮ ಮೊಳೆ ನಮ್ಮ ಹತ್ತಿರವೇ ಇರುತ್ತಿತ್ತು.

ಆಮೇಲೆ ಡಿಟಿಪಿ ಬಂತು. ಕೆಲಸ ಹಗುರವಾಯಿತು, ಪುಟ ಚೆನ್ನಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಕ್ಷರದ ಒಡೆತನ ಕೈಬಿಟ್ಟು ಹೋಯಿತು. ಫಾಂಟು ಕೊಂಡರೂ ಅದು ನಮ್ಮದಲ್ಲ, ಬಳಸಲು ಅನುಮತಿ ಅಷ್ಟೆ. ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಒಂದು ‘ಲಾಕು’ ಕೊಡುತ್ತಿದ್ದರು. ಅದು ಕೆಟ್ಟರೆ ಅಷ್ಟೂ ಕನ್ನಡ ಕೆಟ್ಟಂತೆ! ನಮ್ಮ ಪ್ರೆಸ್ಸಿನಲ್ಲಿ ಹೀಗೆ ಒಂದು ಲಾಕು ಕೆಟ್ಟಾಗ, ಮಾರಿದವರು ‘ಆ ಆವೃತ್ತಿ ಈಗಿಲ್ಲ, ಹೊಸದು ಕೊಳ್ಳಿ’ ಎಂದರು. ಹೊಸದರಲ್ಲಿ ಹಳೆಯ ಕಡತ ತೆರೆದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಒಂದು ಊರಿನ ದೇವಸ್ಥಾನದ ಚರಿತ್ರೆಯ ಪುಸ್ತಕವನ್ನು ಮರುಮುದ್ರಣಕ್ಕಾಗಿ ಮೊದಲಿನಿಂದ ಟೈಪು ಮಾಡಬೇಕಾಯಿತು. ಇಂಥ ಕಥೆ ಹೇಳದ ಡಿಟಿಪಿ ಅಂಗಡಿ ಕರ್ನಾಟಕದಲ್ಲಿ ಸಿಕ್ಕುವುದು ಕಷ್ಟ.

ಇದರ ಹಿಂದಿನ ಕಾರಣ ಸರಳ. ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇಟ್ಟಿದ್ದರು. ಕಂಪ್ಯೂಟರಿಗೆ ಅದು ಕನ್ನಡವೆಂದೇ ಗೊತ್ತಿಲ್ಲ. ಫಾಂಟು ತೆಗೆದರೆ ಉಳಿಯುವುದು ಇಂಗ್ಲಿಷ್ ಕಲಸುಮೇಲೋಗರ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿದ್ದು 1991ರಲ್ಲಿ, ಮೊದಲ ಆವೃತ್ತಿಯಲ್ಲಿಯೇ. ಆದರೂ ನಮ್ಮ ಎಷ್ಟೋ ಪ್ರೆಸ್ಸುಗಳು ಬಾಡಿಗೆ ಮನೆಯಲ್ಲೇ ಉಳಿದಿವೆ. ಯಾಕೆಂದರೆ ಅವು ಇನ್ನೂ ನೆಚ್ಚಿಕೊಂಡಿರುವುದು ಪೇಜ್‌ಮೇಕರನ್ನು. 1985ರಲ್ಲಿ ಬಂದ ಆ ತಂತ್ರಾಂಶದ ಕೊನೆಯ ಆವೃತ್ತಿ ಹೊರಬಂದದ್ದು 2001ರಲ್ಲಿ. ಅದರ ಒಡೆಯರಾದ ಅಡೋಬೆಯವರು 2004ರಲ್ಲಿ ಅದರ ಬೆಳವಣಿಗೆಯನ್ನೇ ನಿಲ್ಲಿಸಿದರು. ತಾಯಿಯೇ ಕೈಬಿಟ್ಟ ಕೂಸನ್ನು ಕನ್ನಡದ ಪ್ರೆಸ್ಸುಗಳು ಇಪ್ಪತ್ತು ವರ್ಷದಿಂದ ಸಾಕುತ್ತಿವೆ!

ಅರಬ್ಬಿಗೆ ಮಾಡಿದ್ದು, ಕನ್ನಡಕ್ಕೂ ಬಂತು

ಪೇಜ್‌ಮೇಕರ್ ಮಾಡುವ ಕೆಲಸವನ್ನು ಮಾಡುವ ಮುಕ್ತ ತಂತ್ರಾಂಶವೊಂದಿದೆ. ಹೆಸರು ‘ಸ್ಕ್ರೈಬಸ್’. 2001ರ ಹೊತ್ತಿಗೆ ಜರ್ಮನಿಯಲ್ಲಿ ಹುಟ್ಟಿದ್ದು. ಆಫ್‌ಸೆಟ್ ಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣದ ವಿಂಗಡಣೆ, ಪ್ಲೇಟಿಗೆ ಕಳಿಸುವ ಪಿಡಿಎಫ್ ಎಲ್ಲ ಅದರಲ್ಲಿದೆ. ಆದರೆ ಬಹುಕಾಲ ನಮಗೆ ಅದು ಉಪಯೋಗಕ್ಕೆ ಬರಲಿಲ್ಲ. ‘ಕ’ ಬರೆದು ಒತ್ತು ಕೊಟ್ಟರೆ ಒತ್ತು ಪಕ್ಕದಲ್ಲಿ ಹೋಗಿ ಕೂರುತ್ತಿತ್ತು. ಕನ್ನಡದಂತೆ ಅಕ್ಷರಗಳು ಒಂದರೊಡನೊಂದು ಕೂಡಿ ರೂಪ ಬದಲಿಸುವ ಲಿಪಿಗಳು ಅದಕ್ಕೆ ಅರ್ಥವಾಗುತ್ತಿರಲಿಲ್ಲ.

ಇದನ್ನು ಸರಿಮಾಡಿದವರು ಯಾರು? ಸಿಲಿಕಾನ್ ಸಿಟಿ ಎಂದು ಎದೆ ತಟ್ಟಿಕೊಳ್ಳುವ ನಮ್ಮ ಬೆಂಗಳೂರಿನವರೇ? ಅಲ್ಲ. ಅರಬ್ಬಿ ದೇಶವಾದ ಒಮಾನಿನವರು! ಅರಬ್ಬಿ ಲಿಪಿಗೂ ಇದೇ ತೊಂದರೆ ಇತ್ತು. ಒಮಾನಿನ ಒಂದು ಮುಕ್ತ ತಂತ್ರಾಂಶ ತಂಡ ಕೂತು, ‘ಹರ್ಫ್‌ಬಾಜ್’ ಎಂಬ ಅಕ್ಷರ ಕೂಡಿಸುವ ಇನ್ನೊಂದು ಮುಕ್ತ ತಂತ್ರಾಂಶವನ್ನು ಸ್ಕ್ರೈಬಸ್‌ಗೆ ಜೋಡಿಸಿತು. 2017ರ ಪ್ರಯೋಗ ಆವೃತ್ತಿಯಲ್ಲಿ ಅದು ಹೊರಬಂತು. 2024ರ ಜನವರಿಯಲ್ಲಿ ಬಂದ 1.6ನೆಯ ಸ್ಥಿರ ಆವೃತ್ತಿಯಲ್ಲಿ ನೆಲೆಯಾಯಿತು. ಅವರು ತಮ್ಮ ಭಾಷೆಗಾಗಿ ಮಾಡಿಕೊಂಡದ್ದು ಕನ್ನಡಕ್ಕೂ, ತಮಿಳಿಗೂ, ಹಿಂದಿಗೂ ಒಟ್ಟಿಗೆ ಬಂತು. ‘ಹರ್ಫ್’ ಎಂದರೆ ಪಾರ್ಸಿಯಲ್ಲಿ ಅಕ್ಷರ, ‘ಬಾಜ್’ ಎಂದರೆ ತೆರೆದದ್ದು. ಇಂದು ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಫೋನು ಎಲ್ಲದರಲ್ಲೂ ಕನ್ನಡದ ಒತ್ತಕ್ಷರ ಕೂಡುವುದು ಇದೇ ಹರ್ಫ್‌ಬಾಜಿನಿಂದ.

ಪೇಜ್‌ಮೇಕರಿನ ಹಳೆಯ ಕಡತಗಳ ಕತೆಯೂ ಹೀಗೇ. ಕಂಪನಿ ಕೈಬಿಟ್ಟ ಕಡತಗಳ ಬೀಗ ತೆಗೆಯಲು ಸ್ವಯಂಸೇವಕರು ಕೂತು, ಒಳಗಿನ ರಚನೆ ಬಿಡಿಸಿ, ಅವುಗಳನ್ನು ಓದುವ ತಂತ್ರಾಂಶ ಬರೆದರು. ಅದರ ಬಲದಿಂದ ಪೇಜ್‌ಮೇಕರಿನ ಕೊನೆಕೊನೆಯ ಆವೃತ್ತಿಗಳ ಕಡತ ಇಂದು ಸ್ಕ್ರೈಬಸ್‌ನಲ್ಲಿಯೂ ಲಿಬ್ರೆಆಫೀಸಿನ ಚಿತ್ರಭಾಗದಲ್ಲಿಯೂ ತೆರೆಯುತ್ತದೆ. ಒಳಗಿನ ಹಳೆಯ ಫಾಂಟಿನ ಕನ್ನಡವನ್ನು ಯೂನಿಕೋಡಿಗೆ ತಿರುಗಿಸುವ ಕೆಲಸ ಬಾಕಿ ಉಳಿಯುತ್ತದೆ, ನಿಜ. ಅದಕ್ಕೂ ಪರಿವರ್ತಕಗಳಿವೆ. ತಿರುಗಿಸಿದ ಮೇಲೆ ಅರ್ಕಾವೊತ್ತು ಎಲ್ಲಿ ಜಾರಿದೆ, ಯಾವ ಪದ ಒಡೆದಿದೆ ಎಂದು ಕರಡು ತಿದ್ದಲು ಮಾತ್ರ ಕನ್ನಡ ಬಲ್ಲವರೇ ಬೇಕು. ಅದನ್ನು ಒಮಾನಿನವರು ಬಂದು ಮಾಡಿಕೊಡುವುದಿಲ್ಲ.

ಮಾಲೀಕರು ಬದಲಾದರೂ ಉಳಿದದ್ದು

ಸ್ವಯಂಸೇವಕರ ಕೆಲಸ ಎಷ್ಟು ದಿನ ಬಾಳೀತು ಎಂದು ಅನುಮಾನಪಡುವವರಿಗೆ ಲಿಬ್ರೆಆಫೀಸ್ ಉತ್ತರ. ಪತ್ರ ಬರೆಯಲು, ಲೆಕ್ಕ ಇಡಲು ಬಳಸುವ ಈ ತಂತ್ರಾಂಶದ ಬೇರು ಜರ್ಮನಿಯ ಒಂದು ಸಣ್ಣ ಕಂಪನಿಯಲ್ಲಿದೆ. 1999ರಲ್ಲಿ ಅಮೆರಿಕದ ಸನ್ ಕಂಪನಿ ಅದನ್ನು ಕೊಂಡು, 2000ದಲ್ಲಿ ಅದರ ಮೂಲಸಂಕೇತವನ್ನು ಬಯಲು ಮಾಡಿತು. ಅದೇ ಓಪನ್ ಆಫೀಸ್. 2010ರಲ್ಲಿ ಸನ್ ಕಂಪನಿಯನ್ನೇ ಒರಾಕಲ್ ಕೊಂಡಿತು. ಹೊಸ ಯಜಮಾನರ ಧಾಟಿ ಕೆಲಸಗಾರರಿಗೆ ಒಗ್ಗಲಿಲ್ಲ. ಏನು ಮಾಡಿದರು? ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೂಲಸಂಕೇತದ ಪ್ರತಿ ತೆಗೆದುಕೊಂಡು ಹೊರನಡೆದರು, ಹೊಸ ಹೆಸರಿಟ್ಟರು, ತಮ್ಮದೇ ಪ್ರತಿಷ್ಠಾನ ಕಟ್ಟಿಕೊಂಡರು. ನಾಲ್ಕು ಹಕ್ಕುಗಳು ಇದ್ದದ್ದರಿಂದ ಯಾರೂ ತಡೆಯುವಂತಿರಲಿಲ್ಲ. ಲಿಬ್ರೆಆಫೀಸ್ ಇಂದಿಗೂ ಆರು ತಿಂಗಳಿಗೊಂದು ಹೊಸ ಆವೃತ್ತಿ ತರುತ್ತಿದೆ.

ಕಂಪನಿಯ ಕನ್ನಡ ಕಂಪನಿಯ ಮರ್ಜಿ ಇರುವವರೆಗೆ. ಸಮುದಾಯದ ಕನ್ನಡ ಸಮುದಾಯ ಇರುವವರೆಗೆ. ಈ ಎರಡರಲ್ಲಿ ಯಾವುದು ಬೇಕು ಎಂದು ಕನ್ನಡಿಗರು ತೀರ್ಮಾನ ಮಾಡಬೇಕು.

ಪಕ್ಕದ ಮನೆಯವರನ್ನು ನೋಡಿ

ದೂರದ ದೇಶ ಬೇಡ, ಕೇರಳಕ್ಕೆ ಬನ್ನಿ. 1971ರಲ್ಲಿ ಅಲ್ಲಿನ ಸರ್ಕಾರ ಟೈಪ್‌ರೈಟರಿಗೆ ಹೊಂದಲೆಂದು ಮಲಯಾಳ ಲಿಪಿಯ ಕೂಡಕ್ಷರಗಳನ್ನು ಕತ್ತರಿಸಿ ಹಾಕಿತ್ತು. 1990ರ ದಶಕದ ಕೊನೆಯಲ್ಲಿ ‘ರಚನಾ’ ಎಂಬ ಭಾಷಾ ಚಳವಳಿ ಎದ್ದಿತು. ‘ಯಂತ್ರಕ್ಕಾಗಿ ಲಿಪಿಯನ್ನು ಕತ್ತರಿಸಬೇಡಿ, ಲಿಪಿಗಾಗಿ ಯಂತ್ರವನ್ನು ತಿದ್ದಿ’ ಎಂಬುದು ಅವರ ನಿಲುವು. ಬರೀ ಭಾಷಣ ಮಾಡಲಿಲ್ಲ. ಹಳೆಯ ಲಿಪಿಯ ಅಷ್ಟೂ ಅಕ್ಷರಗಳಿರುವ ಫಾಂಟು ಮಾಡಿದರು, ಮುಂದೆ ಅದನ್ನು ಮುಕ್ತವಾಗಿ ಬಿಟ್ಟರು. 2002ರಲ್ಲಿ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಎಂಬ ಸ್ವಯಂಸೇವಕರ ಗುಂಪು ಹುಟ್ಟಿತು. ಫಾಂಟು, ಕೀಲಿಮಣೆ, ಕಾಗುಣಿತ ಪರೀಕ್ಷೆ, ಗ್ನೋಮ್ ಮತ್ತು ಕೆಡಿಇಗಳ ಅನುವಾದ ಎಲ್ಲವನ್ನೂ ಹೆಗಲಿಗೆ ಹಾಕಿಕೊಂಡಿತು. ಮದುವೆ ಕಾಗದದಿಂದ ಸಿನಿಮಾ ಪೋಸ್ಟರಿನವರೆಗೆ ಹಬ್ಬಿರುವ ‘ಮಂಜರಿ’ ಫಾಂಟು 2016ರಲ್ಲಿ ಅವರು ಕೊಟ್ಟದ್ದು.

ಜನ ಮುಂದೆ ಹೋದಾಗ ಸರ್ಕಾರ ಹಿಂದೆ ಬಂತು. 2001ರಲ್ಲಿ ಶುರುವಾದ ‘ಐ.ಟಿ. ಅಟ್ ಸ್ಕೂಲ್’ ಯೋಜನೆ ಮುಂದೆ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳನ್ನು ಗ್ನೂ/ಲಿನಕ್ಸಿಗೆ ತಂದಿತು. ಇಂದು ‘ಕೈಟ್’ ಎಂಬ ಸಂಸ್ಥೆ ಅದನ್ನು ನಡೆಸುತ್ತಿದೆ. ಅಲ್ಲಿನ ಸರ್ಕಾರಿ ಶಾಲೆಯ ಮಗು ಮಲಯಾಳದ ಪರದೆಯ ಮುಂದೆ ಕೂತು ಕಂಪ್ಯೂಟರ್ ಕಲಿಯುತ್ತದೆ. ನಮ್ಮ ಸರ್ಕಾರಿ ಕನ್ನಡ ಶಾಲೆ ಮುಚ್ಚುತ್ತಿದೆ ಎಂದು ನಾವು ಕೂಗುತ್ತೇವೆ. ಕನ್ನಡ ಶಾಲೆಯ ಕಂಪ್ಯೂಟರಿನಲ್ಲಿ ಕನ್ನಡ ಇದೆಯೇ ಎಂದು ಎಷ್ಟು ಜನ ಕೇಳಿದ್ದೇವೆ?

ನಮ್ಮಲ್ಲಿ ಆದದ್ದು, ನಿಂತದ್ದು

ಕನ್ನಡದಲ್ಲಿ ಏನೂ ಆಗಿಲ್ಲ ಎಂದರೆ ಮಾಡಿದವರಿಗೆ ಅನ್ಯಾಯವಾಗುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಜಾಡಿನಲ್ಲಿ ಇಡೀ ನಾಡು ಕನ್ನಡ ಟೈಪು ಮಾಡುತ್ತಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಚೇರಿಗಳಿಗೆ ಹೋಯಿತು. 1998ರಲ್ಲಿ ಬಂದ ‘ಬರಹ’ ಮನೆಮನೆಗೆ ಹೋಯಿತು, ಮುಂದೆ ಬೆಲೆ ಕೊಟ್ಟು ಕೊಳ್ಳುವ ತಂತ್ರಾಂಶವಾಯಿತು. ಅದು ಮಾಡಿದವರ ಹಕ್ಕು, ದೂರುವಂತಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕಾದಂಬರಿ ಬರೆಯುವ ಹೊತ್ತನ್ನು ಕನ್ನಡ ತಂತ್ರಾಂಶದ ಚಿಂತೆಗೆ ಕೊಟ್ಟರು.

ಮುಕ್ತ ತಂತ್ರಾಂಶದಲ್ಲಿಯೂ ಕನ್ನಡದ ಬೆರಳೆಣಿಕೆಯ ತರುಣರು 2000ದ ದಶಕದ ಮೊದಲರ್ಧದಿಂದಲೇ ದುಡಿದಿದ್ದಾರೆ. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಫಾಂಟುಗಳು ಅಂಥವರ ಕೊಡುಗೆ. ರೆಡ್ ಹ್ಯಾಟ್ ಕಂಪನಿ ‘ಲೋಹಿತ್’ ಫಾಂಟನ್ನು 2004ರಲ್ಲಿ ಮುಕ್ತಗೊಳಿಸಿತು. ಗ್ನೋಮ್ ಪರದೆಯ ಬಹುಪಾಲು ಕನ್ನಡ ಅನುವಾದ ಆದದ್ದೂ ಅದೇ ಕಂಪನಿಯ ಪುಣೆ ಕಚೇರಿಯ ಸಂಬಳದ ಕೈಗಳಿಂದ. ಲಿಬ್ರೆಆಫೀಸಿಗೂ ಕನ್ನಡದ ಭಾಷಾಕಟ್ಟು ಇದೆ, ಸಂಪೂರ್ಣವಲ್ಲ ಅಷ್ಟೆ.

ಇಲ್ಲೇ ನಮ್ಮ ನೋವು ಇರುವುದು. ಗ್ನೋಮ್ ಯೋಜನೆಯಲ್ಲಿ ಶೇ. 80 ಪದಸಾಲು ಅನುವಾದವಾದ ಭಾಷೆಗೆ ಮಾತ್ರ ‘ಬೆಂಬಲಿತ ಭಾಷೆ’ ಎಂಬ ಲೆಕ್ಕ. ಒಂದು ಸಲ 80 ದಾಟಿದರೆ ಮುಗಿಯಲಿಲ್ಲ. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ, ಹೊಸ ಪದಗಳು. ಮಾಡುತ್ತಲೇ ಇರಬೇಕು. ಸಂಬಳದವರ ಕೆಲಸ ಬದಲಾದಾಗ, ಇಬ್ಬರು ಮೂವರು ಹುಡುಗರಿಗೆ ಮದುವೆ-ಮಕ್ಕಳು-ನೌಕರಿ ಎಂದಾದಾಗ ಅನುವಾದ ನಿಲ್ಲುತ್ತದೆ, ಪರದೆ ಮತ್ತೆ ಇಂಗ್ಲಿಷಾಗುತ್ತದೆ. ಯಾರೂ ಕನ್ನಡವನ್ನು ಓಡಿಸಲಿಲ್ಲ. ನೀರು ಹಾಕುವವರಿಲ್ಲದೆ ಒಣಗಿತು.

ಬೆಂಗಳೂರಿನಲ್ಲಿ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಸಮ್ಮೇಳನ ಶುರುವಾಗಿ, ಮುಂದೆ ಬೇರೆ ಹೆಸರಿನಲ್ಲಿ ಬೆಳೆದು, ಜಗತ್ತಿನ ದೊಡ್ಡ ದೊಡ್ಡ ತಂತ್ರಜ್ಞರನ್ನು ಕರೆಸಿತು. ಆ ತಂತ್ರಜ್ಞರು ನಮ್ಮ ಊರಿಗೆ ಬಂದಾಗ ಅವರ ಎದುರು ಹೋಗಿ ‘ನಮ್ಮ ಭಾಷೆಗೆ ಇಂತಿಂಥದ್ದು ಆಗಬೇಕು, ಇಷ್ಟು ಕೈಗಳು ನಮ್ಮಲ್ಲಿವೆ’ ಎಂದು ಹೇಳುವುದು ತಮ್ಮ ಕೆಲಸವೆಂದು ಕನ್ನಡ ಸಂಘಟನೆಗಳು ತಿಳಿಯಲೇ ಇಲ್ಲ. ಅದು ಇಂಗ್ಲಿಷ್ ಬಲ್ಲ ಇಂಜಿನಿಯರುಗಳ ಜಾತ್ರೆ ಎಂದು ದೂರ ಉಳಿದೆವು.

ಇಂಜಿನಿಯರೇ ಬೇಕೆಂದಿಲ್ಲ

‘ನಮಗೆ ಪ್ರೋಗ್ರಾಮು ಬರೆಯಲು ಬರುವುದಿಲ್ಲ’ ಎನ್ನುವವರು ಕೇಳಿ. ಬೇಕಾದ ಕೆಲಸದಲ್ಲಿ ಪ್ರೋಗ್ರಾಮು ಬರೆಯುವುದು ಒಂದು ಪಾಲು ಮಾತ್ರ. ಉಳಿದದ್ದಕ್ಕೆ ಬೇಕಾದದ್ದು ಕನ್ನಡ.

ಮೊದಲನೆಯದು ಅನುವಾದ. ಮೇಲಿನ ಸಾಲಿನಲ್ಲಿ ಇಂಗ್ಲಿಷ್, ಕೆಳಗಿನ ಸಾಲು ಖಾಲಿ. ಅಲ್ಲಿ ಕನ್ನಡ ತುಂಬಬೇಕು, ಅಷ್ಟೆ. ಪಿಯುಸಿ ಓದಿದವರು ಧಾರಾಳವಾಗಿ ಮಾಡಬಹುದು. ಇಲ್ಲಿ ಭಾಷೆಯ ಪ್ರಶ್ನೆಯೂ ಇದೆ. ‘ಎಡಿಟ್’ ಎಂಬುದಕ್ಕೆ ‘ಸಂಪಾದಿಸು’ ಎಂದರೆ ನಮ್ಮ ಹಳ್ಳಿಯ ಹುಡುಗ ದುಡ್ಡು ಸಂಪಾದಿಸುವುದು ಎಂದುಕೊಳ್ಳುತ್ತಾನೆ! ‘ತಿದ್ದು’ ಎಂದರೆ ಮೂರನೆಯ ತರಗತಿಯ ಮಗುವಿಗೂ ಗೊತ್ತು. ಇಂಥ ಮಾತು ಹೊಳೆಯುವುದು ಕಚೇರಿಯಲ್ಲಿ ಕೂತ ಪಂಡಿತರಿಗಿಂತ ಮೇಷ್ಟ್ರಿಗೆ, ಕರಡು ತಿದ್ದುವವರಿಗೆ, ಪತ್ರಿಕೆಯಲ್ಲಿ ದುಡಿದವರಿಗೆ.

ಎರಡನೆಯದು ಕಾಗುಣಿತ ಪರೀಕ್ಷೆ. ಲಿಬ್ರೆಆಫೀಸ್, ಫೈರ್‌ಫಾಕ್ಸ್‌ಗಳು ಬಳಸುವ ‘ಹನ್‌ಸ್ಪೆಲ್’ ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ. ನಮ್ಮ ಹಾಗೆಯೇ ಪದಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸುವ ಭಾಷೆ ಅದು. ‘ಮನೆ, ಮನೆಯಲ್ಲಿ, ಮನೆಯಲ್ಲಿದ್ದವರಿಗೂ’ ಎಂದು ಬೆಳೆಯುವ ಕನ್ನಡಕ್ಕೆ ಪಟ್ಟಿ ಸಾಲದು, ನಿಯಮ ಬರೆಯಬೇಕು. ವ್ಯಾಕರಣ ಬಲ್ಲ ನಿವೃತ್ತ ಕನ್ನಡ ಅಧ್ಯಾಪಕರು ಊರೂರಲ್ಲಿದ್ದಾರೆ. ಅವರ ಪಕ್ಕದಲ್ಲಿ ಕಂಪ್ಯೂಟರ್ ಬಲ್ಲ ಒಬ್ಬ ಹುಡುಗನನ್ನು ಕೂರಿಸುವವರು ಬೇಕಾಗಿದ್ದಾರೆ.

ಮೂರನೆಯದು ದೋಷ ತಿಳಿಸುವುದು. ಒತ್ತು ತಪ್ಪಿದರೆ, ಸಾಲು ಕಡಿಯುವಾಗ ಅಕ್ಷರ ಒಡೆದರೆ, ‘ಇದು ಸರಿಯಿಲ್ಲ’ ಎಂದು ಗೊಣಗಿ ಹಳೆಯದಕ್ಕೆ ಮರಳುವವರೇ ಹೆಚ್ಚು. ಪರದೆಯ ಚಿತ್ರ ತೆಗೆದು, ಯಾವ ಪದ, ಯಾವ ಫಾಂಟು, ಏನಾಗಬೇಕಿತ್ತು ಎಂದು ನಾಲ್ಕು ಸಾಲು ಬರೆದು ಅದನ್ನು ಮಾಡುವವರಿಗೆ ಕಳಿಸಿ. ತಿಳಿಸದ ದೋಷವನ್ನು ತಿದ್ದುವವರು ಯಾರು? ಕಾಯಿಲೆ ಹೇಳದೆ ಔಷಧಿ ಕೇಳಿದ ಹಾಗಾಯಿತು.

ನಾಲ್ಕನೆಯದು ಬಳಸುವುದು, ಬಳಸಲು ಕಲಿಸುವುದು. ಇದು ಎಲ್ಲಕ್ಕಿಂತ ದೊಡ್ಡದು, ಸಂಘಟನೆಗಳಿಗೆ ಹೇಳಿ ಮಾಡಿಸಿದ್ದು.

ಈಗ ಕಾಲ ಕೂಡಿ ಬಂದಿದೆ

ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಬೇರೆಯಾಗಿ ನೋಂದಾಯಿಸಿಕೊಂಡವರಿಗೆ ಒಂದಿಷ್ಟು ಕಾಲ ಭದ್ರತೆಯ ತೇಪೆ ಸಿಗುತ್ತದೆ, ಅಷ್ಟೆ. ವಿಂಡೋಸ್ 11 ಬೇಕೆಂದರೆ ‘ಟಿಪಿಎಂ 2.0’ ಎಂಬ ಭದ್ರತಾ ಚಿಪ್ಪು, ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. ಹಳೆಯ ಕಂಪ್ಯೂಟರಿಗೆ ಅದು ಇಳಿಯುವುದಿಲ್ಲ. ಯಂತ್ರ ಚೆನ್ನಾಗಿದೆ, ಕೆಲಸ ಮಾಡುತ್ತಿದೆ, ಆದರೂ ಗುಜರಿಗೆ ಹಾಕಿ ಹೊಸದು ಕೊಳ್ಳಿ ಎಂದು ಅರ್ಥ! ಸಣ್ಣ ಪ್ರೆಸ್ಸಿನವರು, ಜೆರಾಕ್ಸ್ ಅಂಗಡಿಯವರು, ಹಳ್ಳಿ ಶಾಲೆಗಳು ಎಲ್ಲಿಂದ ದುಡ್ಡು ತರಬೇಕು?

ಕೆಡಿಇ ಬಳಗ ಮತ್ತು ಅದರ ಜೊತೆಯವರು ಇದನ್ನೇ ಹಿಡಿದು 2025ರಲ್ಲಿ ‘ಎಂಡ್ ಆಫ್ 10’ ಎಂಬ ಪ್ರಚಾರ ಶುರು ಮಾಡಿದರು. ಕಂಪ್ಯೂಟರ್ ಎಸೆಯಬೇಡಿ, ಹತ್ತಿರದ ಸ್ವಯಂಸೇವಕರ ಬಳಿ ತನ್ನಿ, ಲಿನಕ್ಸ್ ಹಾಕಿಕೊಡುತ್ತೇವೆ ಎಂದು ಊರೂರಿನಲ್ಲಿ ಶಿಬಿರ ಮಾಡುವುದು ಅದರ ದಾರಿ. ಇದನ್ನು ನಾವೇಕೆ ಮಾಡಬಾರದು? ನವೆಂಬರ್ ತಿಂಗಳಲ್ಲಿ ನಮ್ಮಲ್ಲಿ ಎಷ್ಟು ಶಾಮಿಯಾನ, ಎಷ್ಟು ಆರ್ಕೆಸ್ಟ್ರಾ, ಎಷ್ಟು ಕಟೌಟು! ಒಂದು ಆರ್ಕೆಸ್ಟ್ರಾದ ದುಡ್ಡಿನಲ್ಲಿ ಒಂದು ತಾಲ್ಲೂಕಿಗೆ ಎರಡು ದಿನದ ಶಿಬಿರ ನಡೆಸಬಹುದು. ಹಳೆಯ ಕಂಪ್ಯೂಟರ್ ಹೊತ್ತು ತಂದವನು ಸಂಜೆಗೆ ಕನ್ನಡ ಪರದೆಯ ಕಂಪ್ಯೂಟರ್ ಹೊತ್ತು ಮನೆಗೆ ಹೋಗಲಿ. ಅದಕ್ಕಿಂತ ದೊಡ್ಡ ರಾಜ್ಯೋತ್ಸವ ಯಾವುದು?

ಕಷ್ಟಗಳನ್ನು ಮುಚ್ಚಿಡುವುದು ಬೇಡ. ಟ್ಯಾಲಿಯಂಥ ಲೆಕ್ಕದ ತಂತ್ರಾಂಶ ಲಿನಕ್ಸಿನ ಮೇಲೆ ನೇರವಾಗಿ ನಡೆಯುವುದಿಲ್ಲ. ಕೆಲವು ಯಂತ್ರಗಳಿಗೆ ಡ್ರೈವರು ಸಿಗುವುದಿಲ್ಲ. ಕೋರೆಲ್‌ಡ್ರಾ, ಫೋಟೋಶಾಪ್ ಕೈಗೆ ರೂಢಿಯಾದವರಿಗೆ ಇಂಕ್‌ಸ್ಕೇಪ್, ಗಿಂಪ್ ಮೊದಲ ತಿಂಗಳು ಮುಳ್ಳಿನ ಹಾದಿ. ಹಾಗಾಗಿ ಎಲ್ಲವನ್ನೂ ಒಂದೇ ದಿನ ಬದಲಿಸಿ ಎನ್ನುವುದಿಲ್ಲ. ನಾಲ್ಕು ಕಂಪ್ಯೂಟರ್ ಇದ್ದಲ್ಲಿ ಒಂದನ್ನು ಬದಲಿಸಿ. ಟೈಪು ಮಾಡುವ ಕಂಪ್ಯೂಟರಿನಿಂದ ಶುರುಮಾಡಿ. ನುಡಿಯ ಕೀಲಿಮಣೆ ಕಲಿತ ಬೆರಳು ಹೊಸದು ಕಲಿಯಬೇಕಿಲ್ಲ, ಅದೇ ಕೆಜಿಪಿ ವಿನ್ಯಾಸ ಲಿನಕ್ಸಿನಲ್ಲಿಯೂ ಇದೆ. ಲಗ್ನಪತ್ರಿಕೆ, ಕರಪತ್ರಗಳಿಗೆ ನೋಟೊ, ಬಾಲೂ ತಮ್ಮ, ಹುಬ್ಬಳ್ಳಿ, ತಿರೋ ಕನ್ನಡ ಮುಂತಾದ ಮುಕ್ತ ಯೂನಿಕೋಡ್ ಫಾಂಟುಗಳು ಸಿಗುತ್ತವೆ. ಲಾಕು ಇಲ್ಲ, ಕಳ್ಳಪ್ರತಿಯ ಅಂಜಿಕೆ ಇಲ್ಲ. ಅಚ್ಚುಮೊಳೆಯ ಹಾಗೆ ಮತ್ತೆ ಅಕ್ಷರ ನಮ್ಮ ಮನೆಯ ಸೊತ್ತು.

ನಮ್ಮ ಬೇಡಿಕೆ

ಸರ್ಕಾರಕ್ಕೂ ಒಂದು ಮಾತು. ಸರ್ಕಾರಿ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದು ಕೇಂದ್ರ ಸರ್ಕಾರವೇ 2015ರಲ್ಲಿ ನೀತಿ ಹೊರಡಿಸಿದೆ. ಕರ್ನಾಟಕದಲ್ಲಿ ಅದು ಕಾಗದದಿಂದ ಕಚೇರಿಗೆ ಇಳಿಯಲಿ. ಜನರ ತೆರಿಗೆ ದುಡ್ಡಿನಲ್ಲಿ ಮಾಡಿಸುವ ಪ್ರತಿಯೊಂದು ಕನ್ನಡ ಫಾಂಟು, ನಿಘಂಟು, ಪರಿವರ್ತಕ, ತಂತ್ರಾಂಶದ ಮೂಲಸಂಕೇತ ಜನರ ಕೈಗೆ ಬರಲಿ. ಗುತ್ತಿಗೆದಾರ ಮಾಡಿಕೊಟ್ಟು ಬೀಗ ಹಾಕಿಕೊಂಡು ಹೋಗುವುದು ನಿಲ್ಲಲಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಕನ್ನಡ ಸಾಹಿತ್ಯ ಪರಿಷತ್ತು ಸೇರಿ, ಗ್ನೋಮ್, ಕೆಡಿಇ, ಲಿಬ್ರೆಆಫೀಸ್, ಸ್ಕ್ರೈಬಸ್‌ಗಳ ಕನ್ನಡವನ್ನು ನಿಲ್ಲದಂತೆ ನೋಡಿಕೊಳ್ಳುವ ಒಂದು ಕಾಯಂ ತಂಡ ಇಡಲಿ. ಸರ್ಕಾರಿ ಶಾಲೆಗಳ ಕಂಪ್ಯೂಟರುಗಳು ಕನ್ನಡ ಪರದೆಯೊಂದಿಗೆ ತೆರೆಯಲಿ.

ಆದರೆ ಸರ್ಕಾರ ಮಾಡಲಿ ಎಂದು ನಾವು ಕಾಯುವಂತಿಲ್ಲ. ಕೇರಳದಲ್ಲಿ ಜನ ಮೊದಲು, ಸರ್ಕಾರ ಆಮೇಲೆ. ನಮ್ಮಲ್ಲೂ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದಂಥ ಬಳಗಗಳಿವೆ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ತುಡಿಯುವ ಹುಡುಗ-ಹುಡುಗಿಯರಿದ್ದಾರೆ. ಅವರಿಗೆ ತಂತ್ರ ಗೊತ್ತು. ಕನ್ನಡ ಸಂಘಟನೆಗಳಿಗೆ ಜನ ಗೊತ್ತು, ಊರು ಗೊತ್ತು, ಕನ್ನಡ ಗೊತ್ತು. ಈ ಎರಡು ಗುಂಪುಗಳು ಒಂದೇ ಜಗಲಿಯ ಮೇಲೆ ಇದುವರೆಗೆ ಸರಿಯಾಗಿ ಕೂತಿಲ್ಲ.

ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಶುರುವಾದದ್ದು 1841ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂತು. 1894ರಲ್ಲಿ ಕಿಟ್ಟೆಲರ ನಿಘಂಟು ಅಲ್ಲೇ ಅಚ್ಚಾಯಿತು. ಅವರು ಹೊರಗಿನಿಂದ ಬಂದವರು, ಕನ್ನಡಕ್ಕೆ ದುಡಿದರು, ಅವರ ಋಣ ದೊಡ್ಡದು. ಈಗ ಒತ್ತಕ್ಷರವನ್ನು ಒಮಾನಿನವರು ಕೂಡಿಸಿಕೊಟ್ಟರು. ಅವರ ಋಣವೂ ಇರಲಿ. ಆದರೆ ಏಳು ಕೋಟಿ ಕನ್ನಡಿಗರು ಎಂದು ಮೈಕಿನಲ್ಲಿ ಕೂಗುವ ನಾವು, ಪ್ರತಿ ಸಲವೂ ಇನ್ನೊಬ್ಬರು ಮಾಡಿಕೊಡಲಿ ಎಂದು ಕೈಕಟ್ಟಿ ಕೂರುವುದು ಯಾವ ಅಭಿಮಾನ?

ಗೋಕಾಕ್ ಚಳವಳಿಯಲ್ಲಿ ಅಪ್ಪ-ಅಮ್ಮಂದಿರು ಬೀದಿಗೆ ಬಂದರು, ಕನ್ನಡಕ್ಕೆ ಶಾಲೆಯಲ್ಲಿ ಜಾಗ ಕೇಳಿದರು. ಈ ಕಾಲದ ಚಳವಳಿಗೆ ಬೀದಿಯೂ ಬೇಕು, ಮೇಜೂ ಬೇಕು. ಪ್ರತಿ ಸಂಘಟನೆಯ ಪ್ರತಿ ಘಟಕವೂ ವಾರಕ್ಕೆ ಎರಡು ಗಂಟೆ ಮೇಜಿನ ಮುಂದೆ ಕೂರುವ ಇಬ್ಬರನ್ನು ಕೊಡಲಿ. ಒಬ್ಬರು ಅನುವಾದ ಮಾಡಲಿ, ಇನ್ನೊಬ್ಬರು ಊರಿನ ಕಂಪ್ಯೂಟರುಗಳಿಗೆ ಕನ್ನಡ ಹಾಕಿಕೊಡಲಿ. ಮುಂದಿನ ರಾಜ್ಯೋತ್ಸವಕ್ಕೆ ನಿಮ್ಮ ಘಟಕದ ವರದಿಯಲ್ಲಿ ಎಷ್ಟು ಬಾವುಟ ಹಾರಿಸಿದಿರಿ ಎಂಬುದರ ಜೊತೆಗೆ ಎಷ್ಟು ಪರದೆ ಕನ್ನಡವಾಯಿತು ಎಂಬುದನ್ನೂ ಬರೆಯಿರಿ. ಆ ಲೆಕ್ಕವನ್ನು ಈ ಪತ್ರಿಕೆ ಸಂತೋಷದಿಂದ ಅಚ್ಚು ಹಾಕುತ್ತದೆ.

ಸಿರಿಗನ್ನಡಂ ಗೆಲ್ಗೆ!